ನೀರು ಅಳೆದ ದಾರಿ: ಫ್ರಾನ್ಸಿನ ನದಿ ಕಣಿವೆಗಳಲ್ಲಿ ಸೈಕಲ್ ಸವಾರಿ

ವ್ಯಾಯಾಮವೆಂದರೆ ಶರೀರವನ್ನು ದಂಡಿಸುವುದೆಂಬ ಭಾವನೆ ನಮ್ಮ ಜನರಲ್ಲಿ ಆಳವಾಗಿ ಬೇರೂರಿದೆ. ಬೆವರು ಧಾರಾಕಾರವಾಗಿ ಸುರಿಯದಿದ್ದರೆ, ಮರುದಿನ ಮೈಕೈ ನೋಯದಿದ್ದರೆ ಮಾಡಿದ್ದು ವ್ಯಾಯಾಮವೇ ಅಲ್ಲವೆಂದು ತಿಳಿಯುವವರು ಬಹಳ ಮಂದಿ. ಆದುದರಿಂದಲೇ ಐವತ್ತು ದಾಟಿದ ಅನೇಕರು ನಾಲ್ಕು ದಿನ ಉತ್ಸಾಹದಿಂದ ತೊಡಗಿ, ಐದನೆಯ ದಿನ ಮಂಡಿ ಹಿಡಿದುಕೊಂಡು ಕುಳಿತುಬಿಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ವಯಸ್ಕರಿಂದ ಬಯಸುವುದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನು ಮಾತ್ರ; ಅರವತ್ತೈದು ದಾಟಿದವರಿಗೂ ಅದೇ ಅಳತೆ. ಮಧ್ಯಮ ಶ್ರಮವೆಂದರೆ ಉಸಿರು ಕೊಂಚ ಬಿರುಸಾಗಬೇಕು, ಆದರೆ ಪಕ್ಕದವರೊಡನೆ ಮಾತನಾಡಲು ಅಡ್ಡಿಯಾಗಬಾರದು. ಇಂತಹ ಶ್ರಮವನ್ನು ಗಂಟೆಗಟ್ಟಲೆ ಬೇಸರವಿಲ್ಲದೆ ಮಾಡಿಸಬಲ್ಲ ಸಾಧನಗಳಲ್ಲಿ ಸೈಕಲ್ ಮೊದಲ ಸಾಲಿನದು.

ಈ ಮಾತನ್ನು ಈ ತಿಂಗಳು ಫ್ರಾನ್ಸ್ ದೇಶದ ಗ್ರಾಮಾಂತರ ರಸ್ತೆಗಳ ನಿಮಿತ್ತವಾಗಿ ಹೇಳಲು ಕಾರಣವಿದೆ. ಮಕ್ಕಳು ಯೂರೋಪಿನಲ್ಲಿ ಉದ್ಯೋಗದಲ್ಲಿರುವುದರಿಂದ ನಮ್ಮ ಊರುಗಳ ಎಷ್ಟೋ ತಂದೆತಾಯಂದಿರು ಬೇಸಿಗೆಯಲ್ಲಿ ಅಲ್ಲಿಗೆ ಹೋಗುತ್ತಾರೆ. ವೀಸಾ ಅನುಮತಿಸುವ 90 ದಿನಗಳನ್ನು ಮೂರನೆಯ ಅಂತಸ್ತಿನ ಮನೆಯೊಳಗೆ ಕುಳಿತು ಕಳೆಯುತ್ತಾರೆ. ಊರಲ್ಲಿದ್ದಾಗ ಹೊಲಕ್ಕೆ, ಸಂತೆಗೆ, ಮಠಕ್ಕೆ ಓಡಾಡುತ್ತಿದ್ದ ದೇಹಕ್ಕೆ ಅಲ್ಲಿ ಕೆಲಸವಿಲ್ಲ. ಹಿಂತಿರುಗುವಾಗ ತೂಕ ಏರಿರುತ್ತದೆ, ಸಕ್ಕರೆಯ ಅಂಶ ಏರಿರುತ್ತದೆ, ಮನಸ್ಸು ಮಾತ್ರ ಕುಗ್ಗಿರುತ್ತದೆ. ಅಂತಹವರು ಮಕ್ಕಳ ರಜೆಯ ಒಂದು ವಾರವನ್ನು ಪ್ಯಾರಿಸ್ಸಿನ ಗೋಪುರದ ಕೆಳಗೆ ಸಾಲಿನಲ್ಲಿ ನಿಂತು ಕಳೆಯುವುದಕ್ಕಿಂತ ಯಾವುದಾದರೊಂದು ನದಿಯ ದಡದಲ್ಲಿ ಸೈಕಲ್ ತುಳಿಯುತ್ತ ಕಳೆಯುವುದು ಲೇಸೆಂದು ನಮ್ಮ ಅಭಿಪ್ರಾಯ. ಆದರೆ ಯಾವ ನದಿ ಎಂಬುದೇ ಮುಖ್ಯ ಪ್ರಶ್ನೆ. ಒಂದು ಕಣಿವೆ ಎಪ್ಪತ್ತರ ವೃದ್ಧರನ್ನೂ ಸುಲಭವಾಗಿ ದಾಟಿಸುತ್ತದೆ, ಮತ್ತೊಂದು ಮೂವತ್ತರ ತರುಣನ ಎದೆಯನ್ನೂ ಪರೀಕ್ಷಿಸುತ್ತದೆ. ಹೆಸರು ಎರಡಕ್ಕೂ ಕಣಿವೆಯೆಂದೇ.

ಲ್ವಾರ್ ನದಿಯ ಏರಿಯ ಮೇಲೆ

ನದಿಯ ಪಕ್ಕದ ರಸ್ತೆ ಏಕೆ ಸುಲಭ ಎಂಬುದಕ್ಕೆ ಉತ್ತರ ಸರಳವಾಗಿದೆ. ನೀರು ಸಾವಿರಾರು ವರ್ಷ ಹರಿದು, ಆ ಪ್ರದೇಶದಲ್ಲಿ ಅತ್ಯಂತ ನಯವಾದ ಇಳಿಜಾರು ಯಾವುದೆಂಬುದನ್ನು ಅಳೆದಿಟ್ಟಿರುತ್ತದೆ. ಅದರ ಪಕ್ಕದಲ್ಲೇ ರಸ್ತೆ ಮಾಡಿದವನಿಗೆ ಆ ಅಳತೆ ಉಚಿತವಾಗಿ ದೊರೆಯುತ್ತದೆ.

ಫ್ರಾನ್ಸಿನ ಅತಿ ಉದ್ದದ ನದಿಯಾದ ಲ್ವಾರ್ ಇದಕ್ಕೆ ಒಳ್ಳೆಯ ನಿದರ್ಶನ. ದಕ್ಷಿಣದ ಆರ್ದೆಶ್ ಜಿಲ್ಲೆಯ ಜೆರ್ಬಿಯೆ ದ ಜೋಂಕ್ ಎಂಬ ಗುಡ್ಡದ ಬುಡದಲ್ಲಿ ಹುಟ್ಟುವ ಈ ನದಿ ಸುಮಾರು 1,000 ಕಿ.ಮೀ. ಹರಿದು ಅಟ್ಲಾಂಟಿಕ್ ಸಾಗರವನ್ನು ಸೇರುತ್ತದೆ. ಮಧ್ಯ ಫ್ರಾನ್ಸಿನ ನೆವೆರ್ ಪಟ್ಟಣದ ಸಮೀಪದಿಂದ ಸಮುದ್ರದವರೆಗೆ ‘ಲ್ವಾರ್ ಆ ವೆಲೊ’ ಎಂಬ ಹೆಸರಿನ ಸುಮಾರು 900 ಕಿ.ಮೀ. ಉದ್ದದ ಸೈಕಲ್ ಮಾರ್ಗವಿದೆ. ‘ಸೈಕಲ್ಲಿನ ಮೇಲೆ ಲ್ವಾರ್’ ಎಂದು ಆ ಹೆಸರಿನ ಅರ್ಥ. ಹೊರಡುವ ಸ್ಥಳದಲ್ಲಿ ನದಿಯ ಮಟ್ಟ ಸಮುದ್ರಕ್ಕಿಂತ 200 ಮೀಟರಿಗೂ ಕಡಿಮೆ ಎತ್ತರದಲ್ಲಿದೆ. ಲೆಕ್ಕ ಹಾಕಿದರೆ, ಒಂದು ಕಿಲೋಮೀಟರಿಗೆ ಒಂದು ಗೇಣಿನಷ್ಟು ಇಳಿತ. ದೇಹಕ್ಕೆ ಇದು ಸಮತಟ್ಟೇ ಸರಿ.

ಈ ಮಾರ್ಗದ ದೀರ್ಘ ಭಾಗಗಳು ನದಿಯ ಏರಿಯ ಮೇಲೆ ಸಾಗುತ್ತವೆ. ಪ್ರವಾಹವನ್ನು ತಡೆಯಲು ಮಧ್ಯಯುಗದಿಂದಲೂ ಅಲ್ಲಿನ ಜನ ಕಟ್ಟುತ್ತ, ಎತ್ತರಿಸುತ್ತ ಬಂದ ಮಣ್ಣಿನ ಒಡ್ಡುಗಳಿವು. ನಮ್ಮ ಕೆರೆಯ ಏರಿಯ ಮೇಲೆ ಸಂಜೆ ಹೊತ್ತು ಸೈಕಲ್ ತುಳಿದವರಿಗೆ ಅಲ್ಲಿನ ಅನುಭವ ಅಪರಿಚಿತವಾಗದು. ಒಂದು ಬದಿಗೆ ಮರಳ ದಿಣ್ಣೆಗಳ ನಡುವೆ ಹರಿಯುವ ನೀರು, ಇನ್ನೊಂದು ಬದಿಗೆ ತಗ್ಗಿನಲ್ಲಿ ಹೊಲ, ತೋಟ, ಹಳ್ಳಿ. ಸುಲ್ಲಿಯಿಂದ ಶಾಲೋನ್‌ವರೆಗಿನ ನಡುಭಾಗವನ್ನು ಯುನೆಸ್ಕೊ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಓರ್ಲೆಆಂ, ಬ್ಲ್ವಾ, ಆಂಬ್ವಾಜ್, ತೂರ್, ಸೋಮ್ಯೂರ್ ಪಟ್ಟಣಗಳು ಈ ಭಾಗದಲ್ಲೇ ಒಂದರ ಹಿಂದೆ ಒಂದು ಬರುತ್ತವೆ. ಲಿಯೊನಾರ್ಡೊ ದ ವಿಂಚಿ ತನ್ನ ಕೊನೆಯ ದಿನಗಳನ್ನು ಕಳೆದು 1519ರಲ್ಲಿ ದೇಹ ಬಿಟ್ಟದ್ದು ಆಂಬ್ವಾಜ್‌ನಲ್ಲಿ. ಸೋಮ್ಯೂರ್ ಸುತ್ತಮುತ್ತ ಮೆದುವಾದ ಬಿಳಿ ಸುಣ್ಣಕಲ್ಲಿನ ದರೆಯನ್ನು ಕೊರೆದು ಮಾಡಿದ ಗವಿಮನೆಗಳಿವೆ. ಬೇಸಿಗೆಯ ನಡುಹಗಲಿನಲ್ಲೂ ಅವು ತಂಪಾಗಿರುವುದರಿಂದ ಸವಾರರು ಅಲ್ಲಿ ವಿಶ್ರಮಿಸಲು ಅನುಕೂಲ. ಅರಮನೆಗಳ ವರ್ಣನೆಯನ್ನು ಪ್ರವಾಸ ಪುಸ್ತಕಗಳಿಗೆ ಬಿಡುತ್ತೇವೆ.

ಒಂದು ಎಚ್ಚರಿಕೆಯ ಮಾತು ಮಾತ್ರ ಅಗತ್ಯ. ನದಿ ಇಳಿಯುವ ದಿಕ್ಕಿಗೆ ಹೋದರೆ ಶ್ರಮ ಕಡಿಮೆಯೆಂದು ಎಲ್ಲರೂ ಭಾವಿಸುತ್ತಾರೆ. ಲ್ವಾರ್ ಕಣಿವೆಯಲ್ಲಿ ಹಾಗಲ್ಲ. ನದಿ ಪಶ್ಚಿಮಕ್ಕೆ ಹರಿಯುತ್ತದೆ, ಅಲ್ಲಿ ಹೆಚ್ಚಾಗಿ ಬೀಸುವ ಗಾಳಿ ಸಾಗರದ ಕಡೆಯಿಂದ ಪೂರ್ವಕ್ಕೆ ಬರುತ್ತದೆ. ಗೇಣುದ್ದದ ಇಳಿಜಾರು ಕೊಡುವ ಉಪಕಾರವನ್ನು ಎದುರುಗಾಳಿ ಹತ್ತು ಪಟ್ಟು ಕಸಿದುಕೊಳ್ಳುತ್ತದೆ. ಸಮತಟ್ಟಾದ ನೆಲದಲ್ಲಿ ಸವಾರನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುತ್ತದೆಂಬುದನ್ನು ಮರೆಯಬಾರದು. ಹೃದಯದ ತೊಂದರೆ ಇರುವವರು ಸಮುದ್ರದ ಕಡೆಯಿಂದ ಹೊರಟು ಹರಿವಿಗೆ ವಿರುದ್ಧವಾಗಿ ಪೂರ್ವಕ್ಕೆ ಸಾಗುವುದು ಜಾಣತನ. ರೋನ್ ನದಿಯ ಕಣಿವೆಯಲ್ಲಿ ಇದು ತಿರುವುಮುರುವು. ಅಲ್ಲಿ ಮಿಸ್ತ್ರಾಲ್ ಎಂಬ ಬಿರುಗಾಳಿ ಉತ್ತರದಿಂದ ದಕ್ಷಿಣಕ್ಕೆ, ಹರಿವಿನ ದಿಕ್ಕಿನಲ್ಲೇ ಬೀಸುವುದರಿಂದ ದಕ್ಷಿಣಾಭಿಮುಖವಾಗಿ ಹೋಗುವವನು ಸುಖಿ, ಎದುರು ಬರುವವನು ದುಃಖಿ.

ನಲವತ್ತೈದು ದಾಟಿದವರ ಗೇರು

ಲ್ವಾರ್ ನದಿಯ ಮೇಲ್ಭಾಗದ ಸೀಮೆಯಲ್ಲಿ ಸ್ಯಾಂತ್ ಎತಿಯೆನ್ ಎಂಬ ಕೈಗಾರಿಕಾ ನಗರವಿದೆ. ನಮ್ಮ ಈ ಅಂಕಣಕ್ಕೆ ಅತ್ಯಂತ ಪ್ರಸ್ತುತನಾದ ವ್ಯಕ್ತಿಯೊಬ್ಬ ಬಾಳಿದ ಊರು ಅದು. ಆತನ ಹೆಸರು ಪೋಲ್ ದ ವಿವಿ; ಜನಿಸಿದ್ದು 1853ರಲ್ಲಿ. ರೇಷ್ಮೆ ವ್ಯಾಪಾರದಲ್ಲಿದ್ದವನು ಅದನ್ನು ಬಿಟ್ಟು ಸೈಕಲ್ ಅಂಗಡಿ ತೆರೆದನು. ‘ಲ ಸಿಕ್ಲಿಸ್ತ್’ ಎಂಬ ಪತ್ರಿಕೆಯನ್ನು ನಡೆಸಿ, ಅದರಲ್ಲಿ ‘ವೆಲೋಸಿಯೊ’ ಎಂಬ ಅಂಕಿತದಿಂದ ಬರೆಯುತ್ತಿದ್ದನು. ಪಂದ್ಯಕ್ಕಾಗಿ ಅಲ್ಲ, ದೇಶ ನೋಡುವುದಕ್ಕಾಗಿ, ಆರೋಗ್ಯಕ್ಕಾಗಿ ಸೈಕಲ್ ತುಳಿಯಬೇಕೆಂಬುದು ಆತನ ಸಿದ್ಧಾಂತ. ಸೈಕಲ್ ಪ್ರವಾಸದ ಪಿತಾಮಹನೆಂದು ಫ್ರೆಂಚರು ಇಂದಿಗೂ ಆತನನ್ನು ಗೌರವಿಸುತ್ತಾರೆ. ಆತ ಸಸ್ಯಾಹಾರಿಯಾಗಿದ್ದನೆಂಬ ಸಂಗತಿ ನಮ್ಮ ಓದುಗರಿಗೆ ವಿಶೇಷ ಸಂತೋಷ ಕೊಡಬಹುದು. ಮಾಂಸವಿಲ್ಲದೆ ಬಲವೆಲ್ಲಿಂದ ಬರಬೇಕೆಂದು ಕೇಳುವವರಿಗೆ, ವೃದ್ಧಾಪ್ಯದಲ್ಲೂ ರಾತ್ರಿಯಿಡೀ ತುಳಿದು ಬೆಟ್ಟ ದಾಟಿ ದಕ್ಷಿಣದ ಪ್ರೊವಾನ್ಸ್ ಸೀಮೆಯನ್ನು ಸೇರುತ್ತಿದ್ದ ಈತನ ಜೀವನವೇ ಉತ್ತರ.

ಸ್ಯಾಂತ್ ಎತಿಯೆನ್‌ನಿಂದ ರೋನ್ ಕಣಿವೆಗೆ ಇಳಿಯಬೇಕಾದರೆ ಮೊದಲು 1,161 ಮೀಟರ್ ಎತ್ತರದ ಕೋಲ್ ದ ಲ ರೆಪ್ಯೂಬ್ಲಿಕ್ ಎಂಬ ಘಾಟಿಯನ್ನು ಹತ್ತಬೇಕು. ಅಂದಿನ ಸೈಕಲ್ಲುಗಳಿಗೆ ಇದ್ದದ್ದು ಒಂದೇ ಗೇರು. ಸಮತಟ್ಟಿಗೆ ಹೊಂದಿದ್ದು ಏರಿಗೆ ಹೊಂದದು. ವೆಲೋಸಿಯೊ ಇದಕ್ಕೆ ಪರಿಹಾರ ಹುಡುಕುತ್ತ, ಸವಾರಿಯ ನಡುವೆ ಬದಲಿಸಬಹುದಾದ ಹಲವು ಗೇರುಗಳ ಪ್ರಯೋಗದಲ್ಲಿ ಜೀವಮಾನವನ್ನು ಕಳೆದನು. ಆದರೆ ಪಂದ್ಯದ ಲೋಕ ಇದನ್ನು ಹೀಯಾಳಿಸಿತು. 1903ರಲ್ಲಿ ಟೂರ್ ದ ಫ್ರಾನ್ಸ್ ಪಂದ್ಯವನ್ನು ಆರಂಭಿಸಿದ ಆಂರಿ ದೆಗ್ರಾಂಜ್, ಗೇರು ಬದಲಿಸುವ ಸಾಧನವೇನಿದ್ದರೂ ನಲವತ್ತೈದು ದಾಟಿದವರಿಗೆ ಎಂಬ ಅರ್ಥದಲ್ಲಿ ಬರೆದನು. ಆ ಪಂದ್ಯದಲ್ಲಿ ಗೇರು ಬದಲಿಸುವ ಯಂತ್ರಕ್ಕೆ ಅನುಮತಿ ದೊರೆತದ್ದು 1937ರಲ್ಲಿ. ವೆಲೋಸಿಯೊ ಅಷ್ಟರಲ್ಲಿ ತೀರಿಕೊಂಡಿದ್ದನು. 1930ರಲ್ಲಿ ತನ್ನದೇ ಊರಿನ ಬೀದಿಯಲ್ಲಿ ಟ್ರಾಮ್ ಬಡಿದು ಅವನಿಗೆ ಮರಣ ಬಂದಿತು.

ದೆಗ್ರಾಂಜನ ಮಾತು ಮೂದಲಿಕೆಯಾಗಿದ್ದರೂ ವೈದ್ಯಕೀಯ ದೃಷ್ಟಿಯಿಂದ ಅದು ಅಪ್ಪಟ ಸತ್ಯವೆಂದು ನಮಗೆ ತೋರುತ್ತದೆ. ನಲವತ್ತೈದು ದಾಟಿದವರ ಮಂಡಿಗೆ ಭಾರವಾದ ಗೇರೇ ಶತ್ರು. ನಿಧಾನವಾಗಿ ಬಲಹಾಕಿ ಒತ್ತುವ ಬದಲು, ಹಗುರವಾದ ಗೇರಿನಲ್ಲಿ ನಿಮಿಷಕ್ಕೆ 70ರಿಂದ 90 ಸುತ್ತು ಪೆಡಲನ್ನು ತಿರುಗಿಸಿದರೆ ಮಂಡಿಚಿಪ್ಪಿನ ಮೇಲಿನ ಒತ್ತಡ ಇಳಿಯುತ್ತದೆ. ಶ್ರಮವನ್ನು ಹೃದಯ ಮತ್ತು ಶ್ವಾಸಕೋಶಗಳು ಹಂಚಿಕೊಳ್ಳುತ್ತವೆ. ಇಂದು ಇದೇ ತಿರಸ್ಕಾರವನ್ನು ವಿದ್ಯುತ್ ಸಹಾಯದ ಸೈಕಲ್ಲು ಅನುಭವಿಸುತ್ತಿದೆ. ಯೂರೋಪಿನ ನಿಯಮದಂತೆ ಅದರ ಮೋಟಾರು ಸವಾರ ಪೆಡಲ್ ತುಳಿದಾಗ ಮಾತ್ರ ನೆರವಾಗುತ್ತದೆ, ಗಂಟೆಗೆ 25 ಕಿ.ಮೀ. ವೇಗ ಮುಟ್ಟಿದೊಡನೆ ನೆರವು ನಿಲ್ಲಿಸುತ್ತದೆ. ಅದರ ಮೇಲೆ ಕುಳಿತವನೂ ಶ್ರಮ ಪಡುತ್ತಾನೆ, ಆದರೆ ಏರಿನಲ್ಲಿ ಎದೆ ಒಡೆದುಕೊಳ್ಳುವುದಿಲ್ಲ. ಅರವತ್ತು ದಾಟಿದವರು ಯಾವ ಸಂಕೋಚವೂ ಇಲ್ಲದೆ ಅದನ್ನೇ ಬಾಡಿಗೆಗೆ ಪಡೆಯಲಿ.

ವೆಲೋಸಿಯೊ ತನ್ನ ಓದುಗರಿಗೆ ಏಳು ನಿಯಮಗಳನ್ನು ಹಾಕಿಕೊಟ್ಟಿದ್ದನು. ಹಸಿವಾಗುವ ಮುನ್ನ ತಿನ್ನಬೇಕು, ಬಾಯಾರುವ ಮುನ್ನ ಕುಡಿಯಬೇಕು. ಊಟ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಇರಬೇಕು. ಹಸಿವು ನಿದ್ರೆಗಳನ್ನು ಕೆಡಿಸುವಷ್ಟು ದಣಿಯಬಾರದು. ಪ್ರವಾಸ ಮುಗಿಯುವವರೆಗಾದರೂ ಮದ್ಯ, ಮಾಂಸ, ಹೊಗೆಸೊಪ್ಪುಗಳನ್ನು ದೂರವಿಡಬೇಕು. ಮೊದಲ ಗಂಟೆಗಳಲ್ಲಿ ಶಕ್ತಿಯನ್ನು ದುಂದು ಮಾಡಬಾರದು. ಒಣ ಪ್ರತಿಷ್ಠೆಗಾಗಿ ಎಂದೂ ಪೆಡಲ್ ತುಳಿಯಬಾರದು ಎಂಬಿವು ಅವುಗಳಲ್ಲಿ ಮುಖ್ಯವಾದವು. ನೂರು ವರ್ಷಗಳ ತರುವಾಯವೂ ಇವುಗಳಲ್ಲಿ ತಿದ್ದಬೇಕಾದದ್ದು ಹೆಚ್ಚೇನೂ ಇಲ್ಲ. ಕೊನೆಯದಂತೂ ಸೈಕಲ್ಲಿಗೆ ಮಾತ್ರ ಮೀಸಲಲ್ಲ.

ಹಾಗೆಂದು ಕಠಿಣ ಸವಾರಿಯನ್ನು ನಾವು ಅಲ್ಲಗಳೆಯುತ್ತಿಲ್ಲ. ಪ್ಯಾರಿಸ್ಸಿನಿಂದ ಬ್ರೆಸ್ಟ್ ಬಂದರಿಗೆ ಹೋಗಿ ಮರಳುವ 1,200 ಕಿ.ಮೀ. ಸವಾರಿ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಗರಿಷ್ಠ ಕಾಲಮಿತಿ 90 ಗಂಟೆ. ನಮ್ಮ ಕರ್ನಾಟಕದ ತರುಣರೂ ವರ್ಷಗಟ್ಟಲೆ ಅಭ್ಯಾಸ ಮಾಡಿ ಅದರಲ್ಲಿ ಭಾಗವಹಿಸುತ್ತಾರೆ. ಅದು ತಪಸ್ಸು. ನಾವಿಲ್ಲಿ ಹೇಳುತ್ತಿರುವುದು ಪಥ್ಯ.

ಕಮರಿಯ ಮಾತು ಬೇರೆ

ನದಿಯ ಪಕ್ಕದ ರಸ್ತೆಯೆಲ್ಲವೂ ಸಮತಟ್ಟೆಂಬ ನಂಬಿಕೆಯಿಂದ ಹೊರಟವರು ಮೋಸಹೋಗುವುದು ಕಮರಿಗಳಲ್ಲಿ. ನದಿ ಗಟ್ಟಿ ಬಂಡೆಯನ್ನು ಕೊರೆದು ಇಕ್ಕಟ್ಟಾದಾಗ ದಡದಲ್ಲಿ ರಸ್ತೆಗೆ ಜಾಗವಿರುವುದಿಲ್ಲ. ಆಗ ರಸ್ತೆ ನೀರನ್ನು ಬಿಟ್ಟು ಮೇಲಕ್ಕೆ ಹತ್ತುತ್ತದೆ. ಆರ್ದೆಶ್ ನದಿಯ ಕಮರಿ ಇದಕ್ಕೆ ಉದಾಹರಣೆ. ವಲ್ಲೋನ್ ಎಂಬ ಪೇಟೆಯಿಂದ ಹೊರಟು ಡಿ 290 ಸಂಖ್ಯೆಯ ರಸ್ತೆಯಲ್ಲಿ ಕೊಂಚ ದೂರ ಹೋದರೆ, ನದಿಯು ಬಂಡೆಯನ್ನು ತೂತು ಮಾಡಿ ನಿರ್ಮಿಸಿದ 50 ಮೀಟರಿಗೂ ಎತ್ತರದ ಸಹಜ ಕಮಾನು ಕಾಣುತ್ತದೆ. ಅಲ್ಲಿಯವರೆಗೆ ದಾರಿ ಸುಲಭ. ಕಮಾನನ್ನು ದಾಟಿದೊಡನೆ ರಸ್ತೆ ಕಮರಿಯ ಅಂಚಿಗೇರಿ, ನದಿ ನೂರಾರು ಮೀಟರ್ ಕೆಳಗುಳಿಯುತ್ತದೆ. ಬಳಿಕ ಒಂದು ತಿರುವಿಗೆ ಇಳಿತ, ಮರುತಿರುವಿಗೆ ಏರು. ನೋಟ ಅಪೂರ್ವವಾದದ್ದು, ಮಂಡಿನೋವಿನವರಿಗೆ ಹೇಳಿಸಿದ್ದಲ್ಲ.

ತಾರ್ನ್ ನದಿಯ ಕಮರಿ ಇದಕ್ಕಿಂತ ದಯಾಳು. ಐವತ್ತು ಕಿಲೋಮೀಟರಿನಷ್ಟು ದೂರ ಎರಡೂ ಕಡೆ ನಾನೂರು ಐನೂರು ಮೀಟರ್ ಎತ್ತರದ ಸುಣ್ಣಕಲ್ಲಿನ ಗೋಡೆಗಳಿದ್ದರೂ ರಸ್ತೆ ಬಹುಮಟ್ಟಿಗೆ ನೀರಿನ ಸಮೀಪದಲ್ಲೇ, ಬಂಡೆ ಕೊರೆದ ಸುರಂಗಗಳ ಮೂಲಕ ಸಾಗುತ್ತದೆ. ಆದರೆ ಸ್ಯಾಂತ್ ಎನಿಮಿ ಊರಿನಿಂದ ಕೋಸ್ ಎಂದು ಕರೆಯುವ ಪ್ರಸ್ಥಭೂಮಿಗೆ ಹತ್ತುವ ದಾರಿ ಹಿಡಿದರೆ ಆ ಗೋಡೆಯನ್ನೇ ಏರಬೇಕಾಗುತ್ತದೆ. ಹಿಂದಿನ ರಾತ್ರಿ ನಕ್ಷೆಯಲ್ಲಿ ಒಂದು ಅಂಗುಲವಾಗಿ ಕಂಡದ್ದು ಮರುದಿನ ಒಂದೂವರೆ ಗಂಟೆಯ ಏದುಸಿರಾಗಬಹುದು.

ಆದುದರಿಂದ ನಕ್ಷೆ ಓದಲು ಕಲಿಯುವುದೇ ಇಲ್ಲಿ ಮೊದಲ ಔಷಧ. ಮಿಶೆಲಿನ್ ಕಂಪನಿಯ ರಸ್ತೆ ನಕ್ಷೆಗಳಲ್ಲಿ ದೊಡ್ಡ ಹೆದ್ದಾರಿಗಳು ಕೆಂಪು, ಮಧ್ಯಮ ರಸ್ತೆಗಳು ಹಳದಿ, ಹಳ್ಳಿಯ ದಾರಿಗಳು ಬಿಳಿ. ರಮ್ಯವಾದ ದಾರಿಗೆ ಹಸಿರು ಅಂಚು. ರಸ್ತೆಯ ಮೇಲೆ ಬಾಣದ ಮೊನೆಯಂತಹ ಗುರುತು ಒಂದಿದ್ದರೆ ನೂರು ಮೀಟರಿಗೆ 5ರಿಂದ 9 ಮೀಟರ್ ಏರು, ಎರಡಿದ್ದರೆ 9ರಿಂದ 13, ಮೂರಿದ್ದರೆ ಅದಕ್ಕೂ ಹೆಚ್ಚು. ಬಿಳಿ ರಸ್ತೆ, ಹಸಿರು ಅಂಚು, ಬಾಣವಿಲ್ಲದ್ದು, ನೀಲಿ ಗೆರೆಯ ಪಕ್ಕದ್ದು: ಇಷ್ಟು ಲಕ್ಷಣಗಳುಳ್ಳ ದಾರಿ ಸಿಕ್ಕರೆ ವಯಸ್ಸಾದವರು ನಿಶ್ಚಿಂತೆಯಿಂದ ಹೊರಡಬಹುದು. ಮೊಬೈಲಿನ ನಕ್ಷೆ ಹತ್ತಿರದ ದಾರಿಯನ್ನು ಹುಡುಕುತ್ತದೆಯೇ ಹೊರತು ಮಂಡಿಗೆ ಹಿತವಾದ ದಾರಿಯನ್ನಲ್ಲ.

ದೇಹದ ಸಿದ್ಧತೆ

ಸೈಕಲ್ಲಿನ ಮೇಲೆ ದೇಹದ ಭಾರವನ್ನು ಸೀಟು ಹೊರುತ್ತದೆ. ಸಂಧಿವಾತವುಳ್ಳವರಿಗೆ ನಡಿಗೆಗಿಂತ ಸವಾರಿ ಹಿತವೆನಿಸುವುದು ಇದರಿಂದಲೇ. ಆದರೆ ಸೀಟಿನ ಎತ್ತರ ಸರಿಯಿರಬೇಕು. ಪೆಡಲ್ ಕೆಳಗಿನ ತುದಿಯಲ್ಲಿದ್ದಾಗ ಕಾಲು ಪೂರ್ತಿ ಸೆಟೆಯದೆ, ಮಂಡಿ ಕೊಂಚ ಮಾತ್ರ ಬಾಗಿರಬೇಕು. ಬೀಳುವ ಭಯದಿಂದ ಸೀಟನ್ನು ತಗ್ಗಿಸಿಕೊಳ್ಳುವುದು ನಮ್ಮವರ ಸಾಮಾನ್ಯ ಅಭ್ಯಾಸ. ಮಂಡಿಯ ಮುಂಭಾಗದ ನೋವಿಗೆ ಬಹುತೇಕ ಇದೇ ಮೂಲ. ಬೆರಳು ಜೋಮು ಹಿಡಿದರೆ ಹ್ಯಾಂಡಲ್ ಹಿಡಿಯುವ ಭಂಗಿಯನ್ನು ಆಗಾಗ ಬದಲಿಸಬೇಕು. ಹೊರಡುವ ಎರಡು ತಿಂಗಳು ಮುಂಚೆ ಊರಲ್ಲೇ ವಾರಕ್ಕೆ ಮೂರು ದಿನ ಅರ್ಧ ಗಂಟೆಯಿಂದ ಆರಂಭಿಸಿ ಎರಡು ಗಂಟೆಗೆ ಏರಿಸಿಕೊಂಡರೆ, ಅಲ್ಲಿ ದಿನಕ್ಕೆ 30–40 ಕಿ.ಮೀ. ಕಷ್ಟವಾಗದು.

ಒಂದು ಕೊರತೆಯನ್ನೂ ಹೇಳಬೇಕು. ಭಾರ ಸೀಟಿನ ಮೇಲಿರುವುದರಿಂದಲೇ ಸೈಕಲ್ ಸವಾರಿಯಿಂದ ಎಲುಬುಗಳು ಗಟ್ಟಿಯಾಗುವುದಿಲ್ಲ. ಮುಟ್ಟು ನಿಂತ ತಾಯಂದಿರು ಸವಾರಿಯೊಡನೆ ಪ್ರತಿದಿನ ಅಷ್ಟಿಷ್ಟು ನಡೆಯಲೇಬೇಕು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರು ಬಹು ಜಾಗರೂಕರಾಗಿರಬೇಕು. ದೀರ್ಘ ಶ್ರಮದಿಂದ ಸಕ್ಕರೆ ಸವಾರಿಯ ನಡುವೆಯಷ್ಟೇ ಅಲ್ಲ, ಅಂದಿನ ರಾತ್ರಿ ನಿದ್ರೆಯಲ್ಲೂ ಕುಸಿಯಬಹುದು. ಔಷಧದ ಪ್ರಮಾಣವನ್ನು ಹೊರಡುವ ಮುಂಚೆಯೇ ವೈದ್ಯರೊಡನೆ ನಿರ್ಧರಿಸಿಕೊಳ್ಳಿ. ಬೆಲ್ಲದ ತುಂಡು, ಖರ್ಜೂರ ಚೀಲದಲ್ಲಿರದೆ ಜೇಬಿನಲ್ಲಿರಲಿ. ಹೊಟ್ಟೆ ಖಾಲಿಯಾಗಿ ಕೈಕಾಲು ನಡುಗಿ ಕಣ್ಣು ಕತ್ತಲಿಡುವ ಸ್ಥಿತಿಗೆ ಫ್ರೆಂಚ್ ಸವಾರರು ‘ಫ್ರಾಂಗಾಲ್’ ಎನ್ನುತ್ತಾರೆ. ಆರೋಗ್ಯವಂತನಿಗೂ ಅದು ಬರುವುದುಂಟು. ರಕ್ತದೊತ್ತಡಕ್ಕೆಂದು ನಾಡಿಯ ವೇಗವನ್ನು ತಗ್ಗಿಸುವ ಮಾತ್ರೆ ಸೇವಿಸುವವರು ಕೈಗಡಿಯಾರ ತೋರಿಸುವ ನಾಡಿಯ ಅಂಕಿಯನ್ನು ನಂಬದೆ, ಮಾತನಾಡುತ್ತ ತುಳಿಯಲು ಸಾಧ್ಯವೇ ಎಂಬ ಹಳೆಯ ಪರೀಕ್ಷೆಯನ್ನೇ ಅನುಸರಿಸಲಿ. ಎದೆಯಲ್ಲಿ ಬಿಗಿತ ಕಂಡರೆ ಸೈಕಲ್ಲಿಳಿದು 112ಕ್ಕೆ ಕರೆ ಮಾಡಬೇಕು. ಮುಂದಿನ ಊರಿನಲ್ಲಿ ನೋಡೋಣವೆಂಬ ಮಾತು ಬೇಡ. ವೀಸಾಕ್ಕಾಗಿ ಮಾಡಿಸುವ ವಿಮೆ ಸೈಕಲ್ ಸವಾರಿಯ ಅಪಘಾತಕ್ಕೆ ಅನ್ವಯಿಸುತ್ತದೆಯೇ ಎಂಬುದನ್ನು ಓದಿ ತಿಳಿದುಕೊಳ್ಳುವುದೂ ಸಿದ್ಧತೆಯ ಭಾಗವೇ.

ಬಿಸಿಲಿನ ವಿಷಯದಲ್ಲಿ, ನಾವು ಬಯಲುಸೀಮೆಯವರು, ಅಲ್ಲಿನ ಬಿಸಿಲು ನಮಗೇನು ಮಾಡೀತು ಎಂಬ ಉಡಾಫೆ ಸಲ್ಲದು. 2003ರ ಆಗಸ್ಟಿನ ಬಿಸಿಗಾಳಿಯಲ್ಲಿ ಫ್ರಾನ್ಸಿನಲ್ಲಿ ಸುಮಾರು 15,000 ಜನ ಪ್ರಾಣ ಬಿಟ್ಟರು. ಅವರಲ್ಲಿ ಬಹುಪಾಲು ವೃದ್ಧರೇ. ಬೇಸಿಗೆಯಲ್ಲಿ ಅಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ, ಕಮರಿಯ ಬಂಡೆಗಳು ಸಂಜೆಯವರೆಗೂ ಬೇಗೆ ಕಾರುತ್ತವೆ. ಮೇ, ಜೂನ್, ಸೆಪ್ಟೆಂಬರ್ ತಿಂಗಳುಗಳೇ ಸವಾರಿಗೆ ತಕ್ಕವು. ಸೆವೆನ್ ಪರ್ವತ, ಆರ್ದೆಶ್ ಸೀಮೆಗಳಲ್ಲಿ ಮಾತ್ರ ಶರತ್ಕಾಲದ ಮಳೆ ಒಂದೇ ರಾತ್ರಿಯಲ್ಲಿ ನದಿಯನ್ನು ಉಕ್ಕಿಸುವುದುಂಟಾದುದರಿಂದ, ಆಗ ಹವಾಮಾನದ ಮುನ್ಸೂಚನೆ ಕೇಳದೆ ದಡದಲ್ಲಿ ಡೇರೆ ಹಾಕಬಾರದು.

ಸಸ್ಯಾಹಾರಿಯ ಬುತ್ತಿ

ದೋರ್ದೋನ್ ನದಿಯ ಕಣಿವೆ ಫ್ರಾನ್ಸಿನ ಅತಿ ಸುಂದರ ಕಣಿವೆಗಳಲ್ಲೊಂದು. ಬೆನಾಕ್, ದೋಮ್ ಮೊದಲಾದ ಊರುಗಳು ನದಿಯ ಮೇಲಿನ ಬಂಡೆಗಳಿಗೆ ಅಂಟಿಕೊಂಡಿವೆ. ಆದರೆ ಆ ಸೀಮೆಯ ಅಡುಗೆಮನೆ ನಮಗೆ ಕಠಿಣ. ಬಾತುಕೋಳಿಯ ಕೊಬ್ಬೇ ಅಲ್ಲಿನ ಒಗ್ಗರಣೆ. ಸಾರ್ಲಾ ಪಟ್ಟಣದ ಹೆಸರು ಹೊತ್ತ ಆಲೂಗಡ್ಡೆಯ ಹುರಿದ ಖಾದ್ಯ ನೋಡಲು ನಿರುಪದ್ರವಿ. ಅದನ್ನು ಹುರಿಯುವುದು ಆ ಕೊಬ್ಬಿನಲ್ಲೇ. ಗಟ್ಟಿ ಚೀಸ್‌ಗಳಲ್ಲಿ ಅನೇಕಕ್ಕೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕಿರುತ್ತಾರೆ. ಕಟ್ಟುನಿಟ್ಟಿನವರು ಕೇಳಿ ತಿಳಿಯಬೇಕು.

ಹಾಗೆಂದು ಉಪವಾಸ ಬೀಳಬೇಕಾಗಿಲ್ಲ. ದೋರ್ದೋನ್ ಸೀಮೆಯೇ ಅಕ್ರೋಟಿನ ತವರು. ಕೆಳಗಿನ ಲೋತ್ ಕಣಿವೆಯಲ್ಲಿ ಒಣಗಿಸಿದ ಪ್ಲಮ್ ಹಣ್ಣು ಹೆಸರುವಾಸಿ. ಮಲಬದ್ಧತೆ ಪ್ರಯಾಣಿಕರ ಕಾಯಂ ತೊಂದರೆಯಾದುದರಿಂದ ಅದು ಔಷಧವೂ ಹೌದು. ಲ್ವಾರ್ ನದಿಯ ಮೇಲ್ದಂಡೆಯ ಲ ಪ್ವಿ ಊರಿನ ಹಸಿರು ಮಸೂರ, ಆರ್ದೆಶ್‌ನ ಚೆಸ್ಟ್‌ನಟ್, ಎಲ್ಲೆಡೆ ದೊರೆಯುವ ತಾಜಾ ಬ್ರೆಡ್ಡು, ಬಾಳೆಹಣ್ಣು, ಮೊಸರು ಸೇರಿದರೆ ಪಿಷ್ಟ, ಪ್ರೋಟೀನು, ಕೊಬ್ಬು ಮೂರೂ ಹದವಾಗಿ ಒದಗುತ್ತವೆ. ಹಳ್ಳಿಯ ಅಂಗಡಿಗಳು ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಬಾಗಿಲೆಳೆದು ಎರಡು ಗಂಟೆಯ ಬಳಿಕವೇ ತೆರೆಯುತ್ತವೆ. ಭಾನುವಾರ ಮಧ್ಯಾಹ್ನದ ಮೇಲಂತೂ ಏನೂ ಸಿಗುವುದಿಲ್ಲ. ಬುತ್ತಿಯನ್ನು ಬೆಳಿಗ್ಗೆಯೇ ಕಟ್ಟಿಕೊಳ್ಳಬೇಕು. ನೀರಿಗೆ ಫ್ರೆಂಚ್ ಸವಾರರೆಲ್ಲ ಬಲ್ಲ ಉಪಾಯವೊಂದಿದೆ. ಪ್ರತಿ ಹಳ್ಳಿಯ ಸ್ಮಶಾನದಲ್ಲೂ ಹೂಗಿಡಗಳಿಗೆಂದು ನಲ್ಲಿ ಇರುತ್ತದೆ. ‘ಓ ನೋನ್ ಪೊತಾಬ್ಲ್’ ಎಂಬ ಫಲಕವಿದ್ದರೆ ಅದು ಕುಡಿಯುವ ನೀರಲ್ಲ.

ಸೆಲೆಯ ದಡದಲ್ಲಿ ಎರಡು ದಿನ

ಇಷ್ಟೆಲ್ಲ ಕೇಳಿದ ಮೇಲೆ ನಮ್ಮ ಹಿರಿಯ ಓದುಗರಿಗೆ ಒಂದೇ ಕಣಿವೆಯನ್ನು ಸೂಚಿಸಿರೆಂದರೆ, ನಾವು ಲೋತ್ ನದಿಯನ್ನೂ ಅದರ ಪುಟ್ಟ ಉಪನದಿಯನ್ನೂ ಹೆಸರಿಸುತ್ತೇವೆ. ಆ ಉಪನದಿಯ ಹೆಸರು ಸೆಲೆ. ಫ್ರೆಂಚರ ಬಾಯಲ್ಲೂ ಅದು ಹಾಗೆಯೇ ಕೇಳಿಸುತ್ತದೆ; ಕನ್ನಡದ ಅರ್ಥಕ್ಕೂ ಅದಕ್ಕೂ ಸಂಬಂಧವಿಲ್ಲದಿದ್ದರೂ ಕಿವಿಗೆ ಹಿತವಾದ ಕಾಕತಾಳೀಯ.

ರೈಲಿನಲ್ಲಿ ಫಿಜಾಕ್ ತಲುಪಬಹುದು. ಈಜಿಪ್ಟಿನ ಪ್ರಾಚೀನ ಚಿತ್ರಲಿಪಿಯ ಗುಟ್ಟನ್ನು 1822ರಲ್ಲಿ ಬಿಡಿಸಿದ ಶಾಂಪೋಲಿಯೋನ್ ಹುಟ್ಟಿದ ಊರಿದು. ಅಲ್ಲಿಂದ ಸೆಲೆಯ ಪಕ್ಕದಲ್ಲೇ ಡಿ 41 ರಸ್ತೆ ಕೆಳಗಿಳಿಯುತ್ತದೆ. ಸುಮಾರು ಐವತ್ತು ಕಿ.ಮೀ. ದೂರದಲ್ಲಿ ಒಟ್ಟು ಇಳಿತ ನೂರು ಮೀಟರಿಗೂ ಕಡಿಮೆ. ಅಲ್ಲಲ್ಲಿ ಒಂದೊಂದು ಚಿಕ್ಕ ದಿಬ್ಬ. ಒಂದು ಕಡೆ ಮೆಕ್ಕೆಜೋಳದ ಹೊಲ, ಪಾಪ್ಲರ್ ಮರಗಳ ಸಾಲು, ಇನ್ನೊಂದು ಕಡೆ ರಸ್ತೆಯ ಮೇಲೆ ಬಾಗಿದ ಹಳದಿ ಬಂಡೆ. ಸೆಪ್ಟೆಂಬರಿನಲ್ಲಿ ನಾವು ಸಾಗಿದಾಗ ಅರ್ಧ ಗಂಟೆಗೊಮ್ಮೆ ಒಂದು ಕಾರು ಹಾದುಹೋದರೆ ಹೆಚ್ಚು. ಹಾಗೆ ಹಾಯುವ ಕಾರು ಊರ ಹೊರಗೆ ಸವಾರನಿಂದ ಒಂದೂವರೆ ಮೀಟರ್ ದೂರ ಬಿಡಬೇಕೆಂಬುದು ಅಲ್ಲಿನ ಕಾನೂನು. ನಮ್ಮವರು ಮೊದಲ ದಿನ ಮರೆಯಬಾರದ ಸಂಗತಿಯೆಂದರೆ ಅಲ್ಲಿ ರಸ್ತೆಯ ಬಲಬದಿಯಲ್ಲಿ ಚಲಿಸಬೇಕು. ಊರೊಳಗೆ ಬೇರೆ ಫಲಕವಿಲ್ಲದ ಕೂಡುರಸ್ತೆಗಳಲ್ಲಿ ಬಲಗಡೆಯಿಂದ ಬರುವ ವಾಹನಕ್ಕೇ ಮೊದಲ ಹಕ್ಕು.

ಎಸ್ಪಾನ್ಯಾಕ್‌ನಲ್ಲಿ ಹಳೆಯ ಸನ್ಯಾಸಿನಿಯರ ಮಠದ ಗಂಟೆಗೋಪುರ, ಮಾರ್ಸಿಯಾಕ್‌ನಲ್ಲಿ ಪಾಳುಬಿದ್ದ ದೊಡ್ಡ ಕ್ರೈಸ್ತ ಮಠ. ಈ ಎರಡನೆಯ ಊರಿನಲ್ಲಿ ಮೊದಲ ರಾತ್ರಿ ತಂಗುವುದು ಅನುಕೂಲ. ಮರುದಿನ ಕಾಬ್ರೆರೆ ಹಳ್ಳಿಗೆ ಬಂದರೆ ಮೇಲಿನ ಗುಡ್ಡದಲ್ಲಿ ಪೆಶ್ ಮೆರ್ಲ್ ಗವಿಯಿದೆ. ಚುಕ್ಕೆಗಳ ಕುದುರೆಗಳನ್ನು ಇಪ್ಪತ್ತೈದು ಸಾವಿರ ವರ್ಷಗಳಿಗೂ ಹಿಂದೆ ಯಾರೋ ಅದರ ಗೋಡೆಯ ಮೇಲೆ ಬರೆದಿದ್ದಾರೆ. ಗವಿ ಬೆಳಕಿಗೆ ಬಂದದ್ದು 1922ರಲ್ಲಿ. ದಿನಕ್ಕೆ ಇಷ್ಟೇ ಜನರೆಂಬ ಮಿತಿಯಿರುವುದರಿಂದ ಮುಂಗಡವಾಗಿ ಚೀಟಿ ಪಡೆಯಬೇಕು; ಗುಡ್ಡದ ಏರು ಕಡಿದಾದುದರಿಂದ ಸೈಕಲ್ಲನ್ನು ತಳ್ಳಿಕೊಂಡೇ ಹತ್ತಬೇಕು.

ಕೋಂದ್ಯೂಶೆ ಎಂಬಲ್ಲಿ ಸೆಲೆ ಲೋತ್ ನದಿಯನ್ನು ಕೂಡುತ್ತದೆ. ಎದುರು ದಡದ ಬೂಜಿಯೆಸ್‌ನಲ್ಲಿ ಸೈಕಲ್ಲಿಗೆ ಬೀಗ ಹಾಕಿ, ಸ್ಯಾಂ ಸಿರ್ ಲಪೋಪಿಯವರೆಗೆ ನಡೆದುಹೋಗಿ ಬನ್ನಿ. ಹಿಂದೆ ದೋಣಿಗಳನ್ನು ಹಗ್ಗದಿಂದ ಎಳೆಯುವವರಿಗಾಗಿ ಬಂಡೆಯ ಬುಡವನ್ನೇ ಕೊರೆದು ಮಾಡಿದ ದಾರಿಯದು. ತಲೆಯ ಮೇಲೆ ಕಲ್ಲಿನ ಛಾವಣಿ, ಪಕ್ಕದಲ್ಲಿ ನೀರು. ಎಲುಬಿಗೆ ಬೇಕಾದ ನಡಿಗೆ ಇಲ್ಲಿ ತಾನಾಗಿ ಒದಗುತ್ತದೆ. ಕೊನೆಯ ಏರು ಕಷ್ಟವೆನಿಸಿದರೆ ಊರು ಸೇರದೆ ಹಿಂತಿರುಗಿದರೂ ನಷ್ಟವಿಲ್ಲ. ಊರಿನ ಚೆಲುವು ಕೆಳಗಿನಿಂದ ನೋಡಿದಾಗಲೇ ಹೆಚ್ಚು.

ಅಲ್ಲಿಂದ ಕಾಓರ್ ಇಪ್ಪತ್ತೈದು ಕಿ.ಮೀ. ಆಚೆಗಿದೆ. ಪಟ್ಟಣ ಸಮೀಪಿಸಿದಂತೆ ವಾಹನಗಳು ಹೆಚ್ಚುತ್ತವೆಯಾದುದರಿಂದ ಈ ಕಡೆಯ ಹಂತವನ್ನು ಬೆಳಿಗ್ಗೆಗೆ ಇಟ್ಟುಕೊಂಡು ಮೂರನೆಯ ದಿನ ಮುಗಿಸುವುದು ಒಳ್ಳೆಯದು. ಹದಿನಾಲ್ಕನೆಯ ಶತಮಾನದಲ್ಲಿ ಕಟ್ಟಿದ, ಮೂರು ಗೋಪುರಗಳ ವಾಲಾಂತ್ರೆ ಸೇತುವೆ ಕಾಓರ್ ಪಟ್ಟಣದ ಪಶ್ಚಿಮದ ಅಂಚಿನಲ್ಲಿದೆ. ಅದರ ಮೇಲೆ ಕಾರುಗಳಿಗೆ ಪ್ರವೇಶವಿಲ್ಲ. ರೈಲು ನಿಲ್ದಾಣ ಅಲ್ಲಿಂದ ಕಾಲ್ನಡಿಗೆಯ ದೂರ. ಪ್ಯಾರಿಸ್ಸಿಗೂ ತುಲೂಸ್‌ಗೂ ನೇರ ರೈಲುಗಳಿವೆ. ದೂರದ ರೈಲುಗಳಲ್ಲಿ ಸೈಕಲ್ಲಿಗೆ ಬೇರೆ ಜಾಗ ಕಾದಿರಿಸಬೇಕಾಗುವುದರಿಂದ, ಬಾಡಿಗೆ ಸೈಕಲ್ಲನ್ನು ಕಾಓರ್‌ನಲ್ಲೇ ಒಪ್ಪಿಸಲು ಸಾಧ್ಯವೇ ಎಂದು ಫಿಜಾಕ್‌ನಲ್ಲಿ ಹೊರಡುವ ಮೊದಲೇ ವಿಚಾರಿಸಿಕೊಳ್ಳಿ.